ಪ್ರಾಥಮಿಕ ಶಾಲೆಯ ಆಟದ ತಾಸು

ಮುಂಬಯಿಯ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯೊಂದಕ್ಕೆ ಕೆಲಕಾಲದ ಹಿಂದೆ ನಾವು ಹೋಗುವ ಪ್ರಸಂಗ ಬಂದಿತ್ತು. ಮುಖ್ಯಾಧ್ಯಾಪಕರ ಕೋಣೆಯ ಕಪಾಟಿನಲ್ಲಿ ಆರೇಳು ಹೊಸ ಚೆಂಡುಗಳೂ ಜಿಗಿಯುವ ಹಗ್ಗಗಳೂ ಗಾಜಿನ ಹಿಂದೆ ಶೋಭಿಸುತ್ತಿದ್ದುವು. ಗೋಡೆಯ ವೇಳಾಪತ್ರಿಕೆಯಂತೆ ಅದು ನಾಲ್ಕನೆಯ ಇಯತ್ತೆಯ ಆಟದ ತಾಸು. ಮಕ್ಕಳಾದರೋ ಒಳಗೆ ಕುಳಿತು ಮಗ್ಗಿ ಬರೆಯುತ್ತಿದ್ದರು. ವಿಚಾರಿಸಲಾಗಿ, "ಚೆಂಡು ಕಳೆದುಹೋದರೆ ಲೆಕ್ಕ ಒಪ್ಪಿಸಬೇಕಾದವರು ನಾವು, ಆಡಿಸಲು ಬಲ್ಲ ಮಾಸ್ತರರಂತೂ ಇಲ್ಲ" ಎಂಬ ಉತ್ತರ ಬಂತು. ಆ ಸದ್ಗೃಹಸ್ಥರನ್ನು ನಾವು ದೂಷಿಸಲಾರೆವು. ಅವರು ಹೇಳಿದುದು ಸತ್ಯವೇ ಆಗಿತ್ತು.

ಕಾಯಿದೆ ಏನನ್ನುತ್ತದೆಂಬುದನ್ನು ವಾಚಕರು ಗಮನಿಸಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಪ್ರತಿ ಶಾಲೆಗೂ ಆಟದ ಬಯಲು ಬೇಕು, ಆಟದ ಸಾಮಗ್ರಿ ಬೇಕು ಎಂದು ವಿಧಿಸಿದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕನನ್ನು ಅದು ಕಡ್ಡಾಯ ಮಾಡಿರುವುದು ಆರರಿಂದ ಎಂಟನೆಯ ಇಯತ್ತೆಯವರೆಗೆ ಮಾತ್ರ. ಅಲ್ಲಿಯೂ ಮಕ್ಕಳ ಸಂಖ್ಯೆ ನೂರನ್ನು ಮೀರಿದಲ್ಲಿ. ಒಂದರಿಂದ ಐದರವರೆಗಿನ ಮಕ್ಕಳಿಗೆ, ಅಂದರೆ ಓಟ, ಜಿಗಿತ, ಎಸೆತಗಳು ಮೈಗೆ ಹತ್ತುವ ವಯಸ್ಸಿನವರಿಗೆ, ಅಂಥ ಗುರುವಿನ ಮಾತೇ ಅದರಲ್ಲಿಲ್ಲ. ಐದರಿಂದ ಹದಿನೇಳು ವರ್ಷದವರು ದಿನಂಪ್ರತಿ ಸರಾಸರಿ 60 ನಿಮಿಷವಾದರೂ ಮೈಬೆವರುವಂತೆ ಚಟುವಟಿಕೆಯಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ.

ಇನ್ನು ಹಣದ ಮಾತು. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರಕಾರಿ ಪ್ರಾಥಮಿಕ ಶಾಲೆಯೊಂದರ ಕ್ರೀಡಾ ಸಾಮಗ್ರಿಗೆಂದು ವರ್ಷಕ್ಕೆ 5,000 ರೂಪಾಯಿ ಗೊತ್ತುಮಾಡಿದರು. ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000. ಗಲ್ಲಾಪೆಟ್ಟಿಗೆಯ ಹಿಂದೆ ಬಹುಕಾಲ ಕುಳಿತವರಾದ ನಮಗೆ ಭಾಗಾಕಾರದ ಚಾಳಿ ಬಿಟ್ಟಿಲ್ಲ. ವರ್ಷಕ್ಕೆ 200 ಶಾಲಾ ದಿನಗಳೆಂದು ಹಿಡಿದರೆ ಇಡೀ ಶಾಲೆಗೆ ದಿನಕ್ಕೆ 25 ರೂಪಾಯಿ ಬೀಳುತ್ತದೆ. ಈ ಊರಿನಲ್ಲಿ ಒಂದು ಪ್ಲೇಟು ಇಡ್ಲಿಗೂ ಅದು ಸಾಲದು. ಖೇಲೋ ಇಂಡಿಯಾದ ರಾಷ್ಟ್ರಮಟ್ಟದ ಶಾಲಾ ಪಂದ್ಯಗಳಲ್ಲಿ ಶಾಲೆಯ ಇಬ್ಬರಾದರೂ ಪದಕ ಗೆದ್ದರೆ 25,000 ರೂಪಾಯಿವರೆಗೆ ಹೆಚ್ಚಿನ ನೆರವುಂಟೆಂಬ ನಿಯಮವನ್ನೂ ತರುವಾಯ ಸೇರಿಸಿದರು. ಉಂಡವನಿಗೇ ಮತ್ತೊಮ್ಮೆ ಬಡಿಸುವ ಈ ಕ್ರಮವು ಚೆಂಡನ್ನೇ ಮುಟ್ಟದ ಮಗುವಿಗೆ ಏನನ್ನು ಮಾಡೀತು?

ಆದರೂ ಹಣವೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ನಾವು ನಂಬಿದವರಲ್ಲ. ಇಂಗ್ಲೆಂಡಿನ ಅನುಭವವನ್ನು ನೋಡಬಹುದು. ಅಲ್ಲಿ 2013ರಿಂದ ಪ್ರಾಥಮಿಕ ಶಾಲೆಗಳ ವ್ಯಾಯಾಮ ಮತ್ತು ಕ್ರೀಡೆಗೆಂದೇ ಮೀಸಲು ಹಣವನ್ನು ಶಾಲೆಗಳಿಗೆ ಕೊಡತೊಡಗಿದರು. 2017ರಲ್ಲಿ ಅದನ್ನು ಇಮ್ಮಡಿಗೊಳಿಸಿ ವರ್ಷಕ್ಕೆ 32 ಕೋಟಿ ಪೌಂಡಿಗೆ ಏರಿಸಿದರು. ಸಕ್ಕರೆ ಪಾನೀಯಗಳ ಮೇಲಿನ ಕರವೇ ಆಗ ಇದಕ್ಕೆ ಆಧಾರವಾಗಿತ್ತು. ಸಾಮಾನ್ಯ ಶಾಲೆಯೊಂದಕ್ಕೆ 16,000 ಪೌಂಡು, ಮೇಲೆ ಮಗುವೊಂದಕ್ಕೆ 10 ಪೌಂಡು ಎಂಬ ಲೆಕ್ಕವಿತ್ತು. ಇಂದಿನ ವಿನಿಮಯದಲ್ಲಿ ಅದು ಹದಿನೈದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲ. ಹಣ ಹೇಗೆ ವೆಚ್ಚವಾಯಿತೆಂಬುದನ್ನು ಶಾಲೆಯು ಊರವರಿಗೆ ಬಹಿರಂಗಪಡಿಸಬೇಕು, ಆರನೆಯ ತರಗತಿಯ ಎಷ್ಟು ಮಕ್ಕಳು 25 ಮೀಟರು ಈಜಬಲ್ಲರೆಂಬುದನ್ನೂ ತಿಳಿಸಬೇಕು ಎಂಬ ಕಟ್ಟಳೆಗಳೂ ಇದ್ದುವು. ಇಷ್ಟಾಗಿಯೂ ಅನೇಕ ಕಡೆ ಹೊರಗಿನ ತರಬೇತುದಾರನನ್ನು ಕೂಲಿಗೆ ಕರೆಸಿದರು. ಅವನು ಆಡಿಸುವಾಗ ತರಗತಿಯ ಶಿಕ್ಷಕರು ಬೇರೆ ಕೆಲಸ ನೋಡಿಕೊಂಡರು. ಹಣ ನಿಂತೊಡನೆ ವಿದ್ಯೆಯೂ ಅವನ ಜೊತೆಗೇ ಹೊರಟುಹೋಗುವುದೆಂಬ ದೂರು ಅಲ್ಲಿಯೂ ಕೇಳಿಬಂತು.

ಭಟ್ಟನನ್ನು ಗೊತ್ತುಮಾಡದೆ ಪಾತ್ರೆ ಕೊಂಡರೆ ಹೋಟೆಲು ನಡೆಯದು. ಬೇರೆ ಭಟ್ಟನನ್ನು ನಾಲ್ಕು ದಿನಕ್ಕೆ ಎರವಲು ತಂದರೂ ನಡೆಯದು. ತರಗತಿಯ ಶಿಕ್ಷಕರಿಗೇ, ಶಿಕ್ಷಕಿಯರಿಗೇ ಆಟ ಹೇಳಿಕೊಡುವ ವಿದ್ಯೆ ಬರಬೇಕೆಂಬುದು ನಮ್ಮ ಅಭಿಪ್ರಾಯ. ಸಾತಾರೆಯ ಕಡೆಯ ಔಂಧ ಸಂಸ್ಥಾನದ ರಾಜರಾಗಿದ್ದ ಭವಾನರಾವ ಪಂತಪ್ರತಿನಿಧಿಯವರು ತಮ್ಮ ಶಾಲೆಗಳಲ್ಲಿ ಸೂರ್ಯನಮಸ್ಕಾರವನ್ನು ರೂಢಿಗೆ ತಂದರಷ್ಟೆ. ಅವರು ಸ್ವತಃ ಅದನ್ನು ಮಾಡುತ್ತಿದ್ದವರು. ಅದಕ್ಕೆ ಬಯಲೂ ಬೇಡ, ಚೆಂಡೂ ಬೇಡ. ಮುಂಬಯಿಯ ಮಳೆಗಾಲದಲ್ಲಿ ಓಣಿಯಷ್ಟೇ ಅಗಲದ ವರಾಂಡದಲ್ಲಿಯೂ ಮಾಡಿಸಬಹುದು. ಖೋ-ಖೋ ಆಟಕ್ಕೆ ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ ಸಾಕು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಪ್ರಥಮ ಖೋ-ಖೋ ವಿಶ್ವಕಪ್ಪನ್ನು ನಮ್ಮ ಪುರುಷರೂ ಮಹಿಳೆಯರೂ ಗೆದ್ದರು. ಅದೇ ಆಟವನ್ನು ನಮ್ಮ ಶಾಲೆಯ ಹೆಣ್ಣುಮಕ್ಕಳು ಬಿಡುವಿನ ವೇಳೆಯಲ್ಲಿ ಗೋಡೆಗೊರಗಿ ನಿಂತು ನೋಡುವ ಭಾಗ್ಯವನ್ನೂ ಪಡೆದಿಲ್ಲ.

ಬಯಲಿಲ್ಲವೆಂಬುದು ಈ ನಗರದ ನಿಜವಾದ ಕಷ್ಟವೇ ಹೌದು. ಹತ್ತಿರದ ಮೈದಾನಕ್ಕೆ ವಾರಕ್ಕೊಮ್ಮೆ ಮಕ್ಕಳನ್ನು ಕರೆದೊಯ್ಯಲು ಇಬ್ಬರು ಪಾಲಕರು ಜೊತೆಗೆ ಬಂದರೆ ಅರ್ಧ ಕಷ್ಟ ಕಳೆದೀತು. ರಸ್ತೆ ದಾಟಿಸುವ ಭಯದಿಂದಲೇ ಎಷ್ಟೋ ಶಿಕ್ಷಕಿಯರು ಹಿಂಜರಿಯುತ್ತಾರೆ.

ನಮ್ಮ ಕನ್ನಡ ಸಂಘಗಳೂ ಹೋಟೆಲು ಬಂಧುಗಳೂ ವಾರ್ಷಿಕೋತ್ಸವದಲ್ಲಿ ಢಾಲು, ಕಪ್ಪುಗಳನ್ನು ಹಂಚಲು ಎಂದೂ ಹಿಂದೆಗೆದವರಲ್ಲ. ನಾವೂ ಹಂಚಿದ್ದೇವೆ, ಹಾರವನ್ನೂ ಹಾಕಿಸಿಕೊಂಡಿದ್ದೇವೆ. ಒಂದು ವರ್ಷ ಆ ಹಣದಿಂದ ಶಾಲೆಗೆ ಇಬ್ಬರಂತೆ ಶಿಕ್ಷಕರಿಗೆ ರಜೆಯಲ್ಲಿ ಹದಿನೈದು ದಿನ ಆಟೋಟಗಳ ಶಿಕ್ಷಣ ಕೊಡಿಸಬಾರದೇಕೆ? ಕಳೆದ ಚೆಂಡಿನ ಬೆಲೆಯನ್ನು ಸಂಘವೇ ತೆರುವುದೆಂದು ಮುಖ್ಯಾಧ್ಯಾಪಕರಿಗೆ ಬರೆದುಕೊಟ್ಟರೆ ಕಪಾಟಿನ ಬೀಗವೂ ತೆರೆದೀತು. ಬರುವ ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾಗುವುದರೊಳಗೆ ಈ ಕೆಲಸಕ್ಕೆ ಮುಂದಾಗುವ ಸಂಘಗಳು ನಮಗೆ ಬರೆದಲ್ಲಿ ಅವರ ಪತ್ರಗಳನ್ನು ಇದೇ ಪುಟದಲ್ಲಿ ಪ್ರಕಟಿಸುವೆವು. ಮೊದಲಿನ ಆರು ಚೆಂಡುಗಳ ಬೆಲೆ ನಮ್ಮ ಕಡೆಯಿಂದ.