ಬಸಿದ ಶಾವಿಗೆ, ಮರುದಿನ

ಬಾಗಲಕೋಟೆ ಜಿಲ್ಲೆಯ ಅನಗವಾಡಿಯ ಕಡೆ ಮನೆಗೆ ಬೀಗರು ಬಂದರೆಂದರೆ ಒಲೆಯ ಮೇಲೆ ದೊಡ್ಡ ಬೋಗಾಣಿಯಲ್ಲಿ ನೀರು ಕುದಿಯುತ್ತದೆ, ಬೇಸಿಗೆಯಲ್ಲಿ ಹೊಸೆದು ಒಣಗಿಸಿಟ್ಟ ಶಾವಿಗೆ ಡಬ್ಬಿಯಿಂದ ಹೊರಬರುತ್ತದೆ. ಕುದಿಸಿ, ಬಸಿದು, ಮೇಲೆ ತುಪ್ಪ, ಬೆಲ್ಲ ಇಲ್ಲವೇ ಸಕ್ಕರೆ, ಬಿಸಿ ಹಾಲು. ಬಂದವರಿಗೆ ಕಡಿಮೆ ಬೀಳಬಾರದೆಂದು ಒಂದು ಹಿಡಿ ಹೆಚ್ಚೇ ಹಾಕುತ್ತೇವೆ. ಹಾಗಾಗಿ ಉಳಿಯುತ್ತದೆ. ಮರುದಿನ ಮುಚ್ಚಳ ತೆಗೆದರೆ ಎಳೆಗಳೇ ಇಲ್ಲ, ಬೋಗಾಣಿಯ ಆಕಾರದ ಗಟ್ಟಿ ಮುದ್ದೆ. ಅದನ್ನು ಹಾಗೇ ಒಲೆಗಿಟ್ಟರೆ ತಳ ಹೊತ್ತುತ್ತದೆ, ಮೇಲಿನದು ತಣ್ಣಗೇ ಉಳಿಯುತ್ತದೆ.

ಮಕ್ಕಳ ಹಟಕ್ಕೆ ಪಾಸ್ತಾ ಮಾಡುವ ಮನೆಗಳಲ್ಲೂ ಇದೇ ಪಾಡು. ಯಾಕೆಂದರೆ ಎರಡೂ ಒಂದೇ ಬಳ್ಳಿಯವು. ಪಾಸ್ತಾ ಆಗುವುದು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದ. ನಮ್ಮಲ್ಲಿ ಶಾವಿಗೆಗೂ ಹುಗ್ಗಿಗೂ ಹುಡುಕಿ ತರುವ ಜವೆಗೋಧಿ ಅದರ ಹತ್ತಿರದ ನಂಟ. ಎರಡರಲ್ಲೂ ಇರುವುದು 28 ವರ್ಣತಂತುಗಳು, ಚಪಾತಿ ಗೋಧಿಯಲ್ಲಿ 42. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ-1029 ಈ ಜವೆಗೋಧಿಯದೇ ತಳಿ. ಹೀಗಾಗಿ ಒಂದನ್ನು ಬಿಸಿ ಮಾಡುವ ಹದ ತಿಳಿದರೆ ಇನ್ನೊಂದರದೂ ತಿಳಿದಂತೆ.

ಮುದ್ದೆ ಯಾಕಾಗುತ್ತದೆ? ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ಸುಮಾರು 60 ಡಿಗ್ರಿ ದಾಟಿದ ನೀರಿನಲ್ಲಿ ನೀರು ಕುಡಿದು ಉಬ್ಬುತ್ತವೆ; ಎಳೆ ಮೆತ್ತಗಾಗುವುದು ಇದರಿಂದ. ಆರಿದಾಗ ಪಿಷ್ಟದ ಸರಪಳಿಗಳು ಮತ್ತೆ ಒಂದಕ್ಕೊಂದು ಅಂಟಿ ಬಿಗಿಯುತ್ತವೆ, ಕುಡಿದ ನೀರು ಎಳೆಯ ಹಿಡಿತದಿಂದ ಜಾರುತ್ತದೆ. ಎಳೆಗಳ ಮೈಮೇಲೆ ಉಳಿದ ಗಂಜಿ ಪಕ್ಕದ ಎಳೆಗೆ ಅಂಟಾಗುತ್ತದೆ. ಈ ಬಿಗಿತ ಬೇಗ ಬರುವುದು ಫ್ರಿಜ್‌ನ 4 ಡಿಗ್ರಿಯ ಆಸುಪಾಸಿನಲ್ಲೇ. ಹಾಗೆಂದು ಫ್ರಿಜ್ ಬಿಡಬಾರದು, ಕಾರಣ ಮುಂದೆ ಹೇಳುತ್ತೇನೆ. ಸಮಾಧಾನದ ಸಂಗತಿಯೆಂದರೆ ಮತ್ತೆ 60 ಡಿಗ್ರಿ ದಾಟಿಸಿ, ಜತೆಗೆ ಸ್ವಲ್ಪ ನೀರು ಕೊಟ್ಟರೆ ಈ ಬಿಗಿತದ ಬಹುಪಾಲು ಸಡಿಲುತ್ತದೆ. ಬೆಂಕಿಯೊಂದೇ ಸಾಲದು, ನೀರೂ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ತುಪ್ಪ, ಬೆಲ್ಲ ಸೇರದ ಬರೀ ಬಸಿದ ಶಾವಿಗೆಯಾದರೆ ಹಬೆಯೇ ಎಲ್ಲಕ್ಕಿಂತ ಒಳ್ಳೆಯದು. ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ತಟ್ಟೆಗೆ ಒದ್ದೆ ಬಟ್ಟೆ ಹಾಸಿ, ಶಾವಿಗೆಯನ್ನು ತೆಳ್ಳಗೆ ಹರಡಿ, ನಾಲ್ಕೈದು ನಿಮಿಷ ಮುಚ್ಚಿಡಿ. ತಣ್ಣಗಿದ್ದಾಗ ಬಿಡಿಸಲು ಹೋಗಬೇಡಿ, ಎಳೆ ಮುರಿದು ಪುಡಿಯಾಗುತ್ತದೆ. ಹಬೆ ತಾಗಿದ ಮೇಲೆ ಒಂದು ಚಮಚ ತುಪ್ಪ ಹಾಕಿ ಮೆಲ್ಲಗೆ ಸಡಿಲಿಸಿದರೆ ತಾವಾಗಿಯೇ ಬಿಟ್ಟುಕೊಳ್ಳುತ್ತವೆ. ದಪ್ಪ ಪಾಸ್ತಾವನ್ನು ಕುದಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಬಸಿದರೂ ನಡೆಯುತ್ತದೆ. ಶಾವಿಗೆ ಸಣ್ಣದು, ಅಷ್ಟು ಹೊತ್ತು ತಾಳುವುದಿಲ್ಲ, ಅಂಬಲಿಯಾಗುತ್ತದೆ.

ಒಗ್ಗರಣೆಯ ದಾರಿ ನನಗೆ ಇನ್ನೂ ಇಷ್ಟ. ಬಾಣಲೆಯಲ್ಲಿ ಸಾಸಿವೆ, ಜೀರಿಗೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು ಹುರಿದು, ಒಂದು ಬಟ್ಟಲು ಶಾವಿಗೆಗೆ ಎರಡು ಚಮಚ ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಮೂರು ನಿಮಿಷ ಮುಚ್ಚಿಡಿ. ಟೊಮ್ಯಾಟೊ ಸಾಸ್ ಬೆರೆಸಿದ ಪಾಸ್ತಾಗೂ ಇದೇ ಕ್ರಮ. ಚೀಸ್ ಅಥವಾ ಕೆನೆ ಹಾಕಿದ್ದಿದ್ದರೆ ನೀರಿನ ಬದಲು ಹಾಲು ಹಾಕಿ, ಉರಿ ಇನ್ನೂ ಸಣ್ಣದಿರಲಿ. ಜೋರು ಉರಿಗೆ ಜಿಡ್ಡು ಬೇರೆಯಾಗಿ ಮೇಲೆ ತೇಲುತ್ತದೆ, ಒಮ್ಮೆ ಒಡೆದರೆ ಮತ್ತೆ ಕೂಡಿಸುವುದು ಕಷ್ಟ. ಮೈಕ್ರೋವೇವ್ ಇದ್ದವರು ನೀರು ಚಿಮುಕಿಸಿ, ಮುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ತಿರುವಿಹಾಕಿ. ಅದು ಒಂದೆಡೆ ಸುಡುತ್ತದೆ, ಇನ್ನೊಂದೆಡೆ ತಣ್ಣಗೇ ಬಿಡುತ್ತದೆ.

ಬೆಲ್ಲ, ಹಾಲು ಬೆರೆಸಿದ್ದನ್ನು ಎತ್ತಿಡಲೇಬೇಡಿ. ಎಳೆಗಳು ಹಾಲನ್ನೆಲ್ಲ ಹೀರಿ ಬಾತುಕೊಳ್ಳುತ್ತವೆ, ಬೆಲ್ಲದ ಹುಳಿ ಅಂಶಕ್ಕೆ ಹಾಲು ಮತ್ತೆ ಕಾಯಿಸುವಾಗ ಒಡೆಯುತ್ತದೆ. ಬಸಿದದ್ದನ್ನು ಬೇರೆ ಇಟ್ಟು, ಉಣ್ಣುವಾಗ ತಾಟಿನಲ್ಲೇ ಕೂಡಿಸುವುದು ಸರಿ.

ಇನ್ನು ಫ್ರಿಜ್‌ನ ಮಾತು. ಬೇಯಿಸಿದ ಅನ್ನ, ಶಾವಿಗೆ, ಪಾಸ್ತಾಗಳಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿ ಬೆಳೆಯುತ್ತದೆ. ಅದರ ಬೀಜಕಗಳು ಕುದಿಯನ್ನೂ ತಾಳುತ್ತವೆ. ಆರಿ ಬೆಚ್ಚಗಿರುವ ಹೊತ್ತಿನಲ್ಲಿ ಚಿಗುರಿ ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಎಷ್ಟು ಕುದಿಸಿದರೂ ನಾಶವಾಗುವುದಿಲ್ಲ. "ಚೆಂದಂಗ ಕುದಿಸಿದ್ರ ಏನೂ ಆಗೂದಿಲ್ಲ" ಎನ್ನುವುದು ಇಲ್ಲಿ ಸುಳ್ಳು. 2008ರಲ್ಲಿ ಬೆಲ್ಜಿಯಂನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಅಡುಗೆಮನೆಯಲ್ಲಿ ಹೊರಗೇ ಇದ್ದ ಸ್ಪಗೆಟಿಯನ್ನು ಬಿಸಿ ಮಾಡಿ ಉಂಡು, ಅದೇ ರಾತ್ರಿ ತೀರಿಕೊಂಡ. ವೈದ್ಯರು 2011ರಲ್ಲಿ ಈ ಪ್ರಕರಣವನ್ನು ದಾಖಲಿಸಿದ್ದಾರೆ. ಅಷ್ಟು ಕೆಟ್ಟ ಗತಿ ಅಪರೂಪ. ವಾಂತಿ, ಭೇದಿ ಅಪರೂಪವಲ್ಲ.

ಆದ್ದರಿಂದ ತಂಗಳದ ಹಣೆಬರಹ ನಿರ್ಧಾರವಾಗುವುದು ಮರುದಿನ ಬಿಸಿ ಮಾಡುವಾಗಲ್ಲ, ಹಿಂದಿನ ದಿನ ಎತ್ತಿಡುವಾಗ. ಬಸಿದ ಎರಡು ತಾಸಿನೊಳಗೆ ಅದು ಫ್ರಿಜ್ ಸೇರಬೇಕು. ಬಾಗಲಕೋಟೆ ಜಿಲ್ಲೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ದಿನಗಳಲ್ಲಿ ಒಂದೇ ತಾಸು. ಬೋಗಾಣಿಯೊಳಗೆ ಒತ್ತಿಟ್ಟರೆ ನಡುಭಾಗ ಬಹಳ ಹೊತ್ತು ಬೆಚ್ಚಗೇ ಇರುತ್ತದೆ; ಪರಾತದಲ್ಲಿ ಹರಡಿ, ತುಸು ಎಣ್ಣೆ ಸವರಿ, ಆರಿದೊಡನೆ ಅಗಲ ಡಬ್ಬಿಗೆ ಹಾಕಿ. ಎಣ್ಣೆ ಸವರಿದ್ದರೆ ಮರುದಿನ ಮುದ್ದೆಯೂ ಕಡಿಮೆ. ಮೂರು ದಿನದೊಳಗೆ ಮುಗಿಸಿ, ಉಣ್ಣುವಷ್ಟನ್ನೇ ತೆಗೆದು ಒಂದೇ ಸಲ ಹಬೆಯಾಡುವಂತೆ ಬಿಸಿ ಮಾಡಿ.

ಫ್ರಿಜ್ ಇಲ್ಲದ ಮನೆಯಲ್ಲಿ, ಕರೆಂಟು ಹೋಗಿ ಬರುವ ಊರಿನಲ್ಲಿ, ರಾತ್ರಿ ಉಳಿದ ಶಾವಿಗೆಯನ್ನು ಬೆಳಗಿಗೆ ಕಾಯ್ದಿಡುವುದು ಬೇಡ. ವಾಸನೆ ನೋಡಿ ತೀರ್ಮಾನಿಸುವಂತಿಲ್ಲ, ಈ ವಿಷಕ್ಕೆ ವಾಸನೆಯಿಲ್ಲ. ಒಣ ಶಾವಿಗೆ ಬೇಯಲು ಎರಡು ಮೂರು ನಿಮಿಷ ಸಾಕು. ಅನುಮಾನ ಬಂದದ್ದನ್ನು ಚೆಲ್ಲಿ, ಒಲೆಯ ಮೇಲೆ ಹೊಸದಾಗಿ ನೀರಿಡಿ.