ಕುದುರೆಯ ಗೊರಸೂ ಅದು ನಿಲ್ಲುವ ನೆಲವೂ

ಕುದುರೆಯು ಕುಂಟಿದೊಡನೆ ಲಾಳ ಕಟ್ಟುವವನನ್ನು ಕರೆಸುವುದು ವಾಡಿಕೆ. ಲಾಳವನ್ನು ಬದಲಾಯಿಸಿದರೂ ಕುಂಟು ಹೋಗದಿದ್ದರೆ ಎಣ್ಣೆ, ಲೇಪಗಳನ್ನು ಹಚ್ಚುವರು. ಆದರೆ ಆ ಪ್ರಾಣಿಯು ಹಗಲಿರುಳೂ ನಿಂತಿರುವ ನೆಲವನ್ನು ಪರೀಕ್ಷಿಸುವವರು ವಿರಳ. ಈ ಕರಪತ್ರದ ಲೇಖಕನು ಒಂದು ಗ್ರಾಮದಲ್ಲಿ ನೋಡಿದ ಜಟಕಾ ಕುದುರೆಗೆ ಮೂರು ಸಲ ಲಾಳ ಬದಲಾಗಿತ್ತು. ನೀರಿನ ತೊಟ್ಟಿಯ ಮುಂದಿನ ಲದ್ದಿಗೆಸರು ಮಾತ್ರ ಇದ್ದಂತೆಯೇ ಇತ್ತು. ಅದರ ದುಡಿಮೆಯನ್ನೇ ನಂಬಿದ್ದ ಸಂಸಾರವು ಆ ಮಳೆಗಾಲವನ್ನೆಲ್ಲ ಸಾಲದಲ್ಲಿ ಕಳೆಯಿತು.

1. ಗೊರಸಿನ ಸ್ವಭಾವ

ಗೊರಸು ಬರಿಯ ಕೊಂಬಿನ ತುಂಡಲ್ಲ. ಹೊರಗೆ ಗಟ್ಟಿಯಾದ ಗೋಡೆಯೂ, ಅಡಿಯಲ್ಲಿ ಅಂಗಾಲೂ, ಅದರ ಹಿಂಭಾಗದ ನಡುವೆ ತ್ರಿಕೋಣಾಕಾರದ ಮೆತ್ತನೆಯ ಭಾಗವೂ ಉಂಟು. ಕುದುರೆಯು ಹೆಜ್ಜೆಯಿಟ್ಟಾಗ ಗೊರಸಿನ ಹಿಂಭಾಗವು ತುಸು ಅಗಲವಾಗಿ, ಎತ್ತಿದಾಗ ಮೊದಲಿನಂತಾಗುವುದು. ಇದರಿಂದ ಅದುರಾಟವು ತಗ್ಗಿ, ರಕ್ತವು ಮೇಲಕ್ಕೆ ಹರಿಯಲು ಸಹಾಯವಾಗುವುದು. ಆದುದರಿಂದ ನಡಿಗೆಯೇ ಗೊರಸಿಗೆ ಪುಷ್ಟಿ. ಗೊರಸಿನ ಗೋಡೆಯು ತಿಂಗಳಿಗೆ ಸುಮಾರು 1/3 ಅಂಗುಲ ಬೆಳೆಯುವುದು. ಮುಂತುದಿಯವರೆಗೆ ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು ಬೇಕು.

2. ಕೆಟ್ಟ ನೆಲದ ಬಾಧೆಗಳು

ಲದ್ದಿ, ಮೂತ್ರಗಳಿಂದ ಸದಾ ತೇವವಾದ ನೆಲದಲ್ಲಿ ಗೊರಸು ಮೆತ್ತಗಾಗಿ, ಗಾಳಿಯಾಡದ ಸಂದುಗಳಲ್ಲಿ ಕ್ರಿಮಿಗಳು ಬೆಳೆದು, ದುರ್ವಾಸನೆಯ ಕಪ್ಪು ಕೀವು ಸುರಿಯುವುದು. ಒಮ್ಮೆ ನೆನೆದು ಒಮ್ಮೆ ಒಣಗುತ್ತಿದ್ದರೆ ಗೋಡೆಯು ಬಿರಿದು, ಲಾಳದ ಮೊಳೆಗಳು ಸಡಿಲವಾಗುವುವು. ಕೇವಲ ಮೆತ್ತನೆಯ ನೆಲದಲ್ಲಿ ಗೊರಸು ಸವೆಯದೆ ಮುಂತುದಿಯು ಉದ್ದವಾಗುವುದು. ಚೂಪಾದ ಜಲ್ಲಿಯು ಅಂಗಾಲನ್ನು ನೋಯಿಸುವುದು.

3. ನೆಲವನ್ನು ಸಿದ್ಧಪಡಿಸುವ ಕ್ರಮ

ಮಳೆನೀರು ನಿಲ್ಲದ ಎತ್ತರದ ಸ್ಥಳವನ್ನು ಆರಿಸಿ, 50 ಅಡಿಗೆ 1 ಅಡಿಯಂತೆ ಇಳಿಜಾರು ಕೊಟ್ಟು, ತಗ್ಗಿನ ಕಡೆ ಕಾಲುವೆ ತೋಡತಕ್ಕದ್ದು. ಮೊದಲು ಹಳೆಯ ಲದ್ದಿ, ಕೆಸರುಗಳನ್ನು ಪೂರ್ತಿಯಾಗಿ ತೆಗೆಯಬೇಕು. ಅವುಗಳ ಮೇಲೆಯೇ ಕಲ್ಲು ಸುರಿದರೆ ಶ್ರಮವು ವ್ಯರ್ಥ. ಅನಂತರ ದಪ್ಪ ಕಲ್ಲನ್ನು 6 ಅಂಗುಲ ಹಾಸಿ, ಅದರ ಮೇಲೆ ಗರಸನ್ನು 3 ಅಂಗುಲ ಹರಡಿ, ನೀರು ಚಿಮುಕಿಸಿ ದಿಮ್ಮಸು ಮಾಡಬೇಕು. ಎರೆಭೂಮಿಯಲ್ಲಿ ಅಡಿಗಲ್ಲು ಅತ್ಯವಶ್ಯ. ಅದಿಲ್ಲದಿದ್ದರೆ ಗರಸು ಮೊದಲ ಮಳೆಗೇ ಮಣ್ಣಿನಲ್ಲಿ ಹೂತುಹೋಗುವುದು.

ನೀರಿನ ತೊಟ್ಟಿಯ ಸುತ್ತ 8–10 ಅಡಿ ಅಗಲಕ್ಕೆ ನುಣುಪಾದ ಸಣ್ಣ ಹೊಳೆಗಲ್ಲುಗಳನ್ನು ಹರಡಿ, ಅವು ಚೆದರದಂತೆ ಅಂಚು ಕಟ್ಟಬೇಕು. ಇದು ಹೊಸ ಉಪಾಯವಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಕರ ಕ್ಸೆನೊಫನ್ ಎಂಬಾತನು, ಒದ್ದೆಯಾದ ನುಣುಪು ನೆಲವು ಒಳ್ಳೆಯ ಗೊರಸನ್ನೂ ಕೆಡಿಸುವುದೆಂದೂ, ಲಾಯದ ಹೊರಗೆ ನಾಲ್ಕೈದು ಗಾಡಿ ದುಂಡುಕಲ್ಲುಗಳನ್ನು ಹರಡಿ ಕುದುರೆಯನ್ನು ಅವುಗಳ ಮೇಲೆ ನಿಲ್ಲಿಸಬೇಕೆಂದೂ ಬರೆದಿದ್ದಾನೆ.

ಮಲಗಲು ಒಂದು ಮೂಲೆಯಲ್ಲಿ ಒಣ ಮರಳಿರಲಿ. ಆದರೆ ಮರಳಿನ ಮೇಲೆ ಮೇವು ಹಾಕಕೂಡದು. ಮೇವಿನೊಡನೆ ಮರಳು ಹೊಟ್ಟೆಗೆ ಸೇರಿ ಪ್ರಾಣಾಪಾಯಕರವಾದ ಹೊಟ್ಟೆನೋವು ಬರುವುದುಂಟು. ಮೇವನ್ನು ಒಂದು ಕೊನೆಯಲ್ಲಿಯೂ ನೀರನ್ನು ಮತ್ತೊಂದು ಕೊನೆಯಲ್ಲಿಯೂ ಇರಿಸಿದರೆ ಕುದುರೆಯು ತಾನಾಗಿಯೇ ನಡೆದಾಡುವುದು.

4. ಎಚ್ಚರಿಕೆಗಳು

ಮೆತ್ತನೆಯ ನೆಲಕ್ಕೆ ಒಗ್ಗಿದ ಕುದುರೆಯನ್ನು ಒಮ್ಮೆಲೇ ಕಲ್ಲಿನ ಮೇಲೆ ಬಿಡಬಾರದು. ಮೊದಲು ದಿನಕ್ಕೆ ಕೆಲವು ನಿಮಿಷ ಮಾತ್ರ ನಿಲ್ಲಿಸಿ, ವಾರಗಳ ಮೇಲೆ ಕಾಲವನ್ನು ಹೆಚ್ಚಿಸಬೇಕು. ಗೊರಸು ಬಿಸಿಯಾಗಿದ್ದು, ಕುದುರೆಯು ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ವಾಲಿ ನಿಂತರೆ, ಅದು ಗೊರಸಿನ ಒಳಗಿನ ಉರಿಯೂತದ ಲಕ್ಷಣ. ಅಂತಹ ಕುದುರೆಯನ್ನು ಕಲ್ಲಿನ ಮೇಲೆ ನಡೆಸದೆ, ದಪ್ಪ ಮರಳಿನ ಮೇಲೆ ನಿಲ್ಲಿಸಿ, ತಡಮಾಡದೆ ಪಶುವೈದ್ಯರನ್ನು ಕರೆಸತಕ್ಕದ್ದು.

ನೆಲವು ಎಷ್ಟೇ ಚೆನ್ನಾಗಿದ್ದರೂ ಪ್ರತಿದಿನ ಲದ್ದಿಯನ್ನು ತೆಗೆಯುವುದು, ಗೊರಸಿನ ಸಂದುಗಳನ್ನು ಕೆರೆದು ಶುಚಿಮಾಡುವುದು, 6ರಿಂದ 8 ವಾರಗಳಿಗೊಮ್ಮೆ ಗೊರಸನ್ನು ಹದವಾಗಿ ಕತ್ತರಿಸಿ ಅರ ಹಾಕಿಸುವುದು ತಪ್ಪಕೂಡದು.

ಮೇಲೆ ಹೇಳಿದ ಜಟಕಾ ಕುದುರೆಯ ಯಜಮಾನನು ಊರವರ ಗಾಡಿಗಳಲ್ಲಿ ಹಳ್ಳದ ಕಲ್ಲನ್ನು ತರಿಸಿ ನೆಲವನ್ನು ಸರಿಪಡಿಸಿದನು. ಫಲವು ಒಂದು ವಾರದಲ್ಲಿ ಕಾಣಲಿಲ್ಲ. ಮುಂದಿನ ಮಳೆಗಾಲದಲ್ಲಿ ಮಾತ್ರ ಕುದುರೆಯು ಕುಂಟದೆ ದುಡಿಯಿತು. ಗ್ರಾಮದ ಹಿರಿಯರೂ ಜಮೀನುದಾರರೂ ಬೇಸಗೆಯಲ್ಲಿ, ಕೆಲಸವು ಬಿಡುವಾಗಿರುವಾಗಲೇ, ಇಂತಹ ಒಂದು ನೆಲವನ್ನು ಮಾಡಿಸಿ ತೋರಿಸಿದರೆ ಉಳಿದವರು ಅದನ್ನು ನೋಡಿ ಕಲಿಯುವರು.