ಪಾಲಿಮರ್ ಕಣ ರೂಪುಗೊಳ್ಳುವಾಗಲೇ ನೋಡುವ ಕ್ಷ-ಕಿರಣ

ಎಮಲ್ಷನ್, ಅಂಟು, ಎಣ್ಣೆಯ ಸೇರ್ಪಡೆಗಳನ್ನು ತಯಾರಿಸುವ ಘಟಕಗಳಲ್ಲಿ ಹಳೆಯ ದೂರೊಂದಿದೆ. ಕಚ್ಚಾ ಸಾಮಗ್ರಿ ಅದೇ, ತೂಕ ಅದೇ, ತಾಪಮಾನವೂ ಅದೇ. ಆದರೂ ಒಂದು ಬ್ಯಾಚು ನೀರಿನಂತೆ ಹರಿಯುತ್ತದೆ, ಇನ್ನೊಂದು ಗಂಜಿಯಂತೆ ಗಟ್ಟಿಯಾಗುತ್ತದೆ. ಕೆಟ್ಟ ಬ್ಯಾಚಿನ ವೆಚ್ಚವನ್ನು ಬಹುತೇಕ ಉದ್ಯಮಿಗಳು ಸಾಮಾನ್ಯ ನಷ್ಟವೆಂದು ಪರಿಗಣಿಸಿ ಒಳ್ಳೆಯ ಮಾಲಿನ ದರಕ್ಕೆ ಸೇರಿಸಿಬಿಡುತ್ತಾರೆ. ಕಾರಣವೇ ತಿಳಿಯದ ನಷ್ಟವನ್ನು ಸಾಮಾನ್ಯವೆಂದು ಕರೆಯುವುದು ಲೆಕ್ಕಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಇಂತಹ ವ್ಯತ್ಯಾಸಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದನ್ನು ಕಣ್ಣಾರೆ ಕಾಣುವಷ್ಟು ಸ್ಪಷ್ಟಪಡಿಸಿರುವುದು ಸಣ್ಣ ಕೋನದ ಕ್ಷ-ಕಿರಣ ಚದುರುವಿಕೆ ಎಂಬ ವಿಧಾನ.

ಪಾಲಿಮರ್ ಎಂದರೆ ಮಾನೋಮರ್ ಎಂಬ ಸಣ್ಣ ಅಣುಗಳು ಒಂದಕ್ಕೊಂದು ಸೇರಿ ಆದ ಉದ್ದನೆಯ ಸರಪಳಿ. ಇಲ್ಲಿ ವಿವರಿಸುತ್ತಿರುವ ತಯಾರಿಕೆಯಲ್ಲಿ ಸರಪಳಿಗೆ ಎರಡು ಭಾಗಗಳಿರುತ್ತವೆ. ಮೊದಲನೆಯದು ದ್ರಾವಕದಲ್ಲಿ ಕರಗುತ್ತದೆ. ಅದರ ತುದಿಗೆ ಬೆಳೆಯುವ ಎರಡನೆಯದು ಕರಗುವುದಿಲ್ಲ. ಎರಡನೆಯ ಭಾಗ ಒಂದು ಮಿತಿಗಿಂತ ಉದ್ದವಾದೊಡನೆ ಸರಪಳಿಗಳು ತಾವಾಗಿಯೇ ಗುಂಪುಗೂಡುತ್ತವೆ. ಕರಗದ ಭಾಗ ಒಳಗೆ ಅಡಗಿ, ಕರಗುವ ಭಾಗ ಹೊರಗೆ ಹರಡಿಕೊಳ್ಳುತ್ತದೆ. ಇದೇ ಸ್ವಯಂಜೋಡಣೆ. ಮೊದಲು ಸಾಸಿವೆಯಂತಹ ಗುಂಡುಗಳು, ಸರಪಳಿ ಇನ್ನಷ್ಟು ಬೆಳೆದರೆ ಶಾವಿಗೆಯಂತಹ ಎಳೆಗಳು, ಇನ್ನೂ ಬೆಳೆದರೆ ಉಬ್ಬಿದ ಪೂರಿಯಂತೆ ಒಳಗೆ ಟೊಳ್ಳಾದ ಗೋಳಗಳು ರೂಪುಗೊಳ್ಳುತ್ತವೆ. ಗುಂಡುಗಳಿರುವ ದ್ರವ ಸಲೀಸಾಗಿ ಹರಿಯುತ್ತದೆ. ಎಳೆಗಳಾದರೆ ಒಂದಕ್ಕೊಂದು ತಾಗಿ ಜೆಲ್ ಆಗುತ್ತದೆ. ಕೇವಲ ಎಳೆಗಳೇ ಸಿಗುವ ಅವಧಿ ಬಹಳ ಕಿರಿದು. ಎಣ್ಣೆಯನ್ನು ಗಟ್ಟಿಯಾಗಿಸುವ ಪದಾರ್ಥ ಬೇಕಾದವನು ಕ್ರಿಯೆಯನ್ನು ಸ್ವಲ್ಪ ಬೇಗ ನಿಲ್ಲಿಸಿದರೆ ಗುಂಡು, ತಡಮಾಡಿದರೆ ಪೂರಿ!

ಈ ಕಣಗಳ ಅಳತೆ ಹತ್ತಾರು ಅಥವಾ ನೂರಾರು ನ್ಯಾನೊಮೀಟರ್; ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ರೂಢಿಯ ಪರೀಕ್ಷೆಯಲ್ಲಿ ಮಾದರಿಯನ್ನು ಹೊರತೆಗೆದು, ತೆಳುಗೊಳಿಸಿ, ಒಣಗಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಲಾಗುತ್ತದೆ. ಇದು ಮಾರ್ಚ್ 31ರ ಅಢಾವೆ ಪತ್ರಿಕೆಯಂತೆ: ಆ ದಿನದ ಸ್ಥಿತಿ ತಿಳಿಯುತ್ತದೆ, ವರ್ಷದ ನಡುವೆ ನಡೆದದ್ದು ತಿಳಿಯುವುದಿಲ್ಲ. ಮೇಲಾಗಿ, ಒಣಗಿಸುವಾಗಲೇ ರೂಪ ಬದಲಾಗುವ ಸಂಭವವೂ ಉಂಟು.

ಕ್ಷ-ಕಿರಣವನ್ನು ದ್ರವದ ಮೂಲಕ ಹಾಯಿಸಿದಾಗ ಅದರ ಅಲ್ಪಾಂಶ ಕಣಗಳಿಂದಾಗಿ ದಿಕ್ಕು ಬದಲಿಸುತ್ತದೆ. ಕಣ ದೊಡ್ಡದಾದಷ್ಟೂ ಚದುರುವ ಕೋನ ಸಣ್ಣದು. ಹೀಗೆ ಅತಿ ಸಣ್ಣ ಕೋನದಲ್ಲಿ ಚದುರುವುದನ್ನು 1930ರ ಸುಮಾರಿಗೇ ಗಮನಿಸಿದವರಲ್ಲಿ ಭಾರತದ ಪಿ. ಕೃಷ್ಣಮೂರ್ತಿಯವರೂ ಒಬ್ಬರು, ಅದಕ್ಕೆ ಗಟ್ಟಿಯಾದ ಸಿದ್ಧಾಂತ ಒದಗಿಸಿದವರು ಫ್ರಾನ್ಸಿನ ಆಂದ್ರೆ ಗಿನ್ಯೆ. ಚದುರಿದ ಕಿರಣದ ತೀವ್ರತೆಯನ್ನು ಕೋನಕ್ಕೆ ಎದುರಾಗಿ ಲಾಗರಿದಮ್ ಮಾನದಲ್ಲಿ ನಕ್ಷೆ ಬರೆದರೆ, ಆರಂಭದ ಗೆರೆಯ ಇಳಿಜಾರೇ ಕಣದ ಆಕಾರ ಹೇಳುತ್ತದೆ. ಸಮತಟ್ಟಾಗಿದ್ದರೆ ಗುಂಡು, ಇಳಿಜಾರು ಸುಮಾರು ಒಂದಾದರೆ ಎಳೆ, ಎರಡಾದರೆ ಟೊಳ್ಳು ಗೋಳ.

ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸ್ಟೀವನ್ ಆರ್ಮ್ಸ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತಮ ನಿದರ್ಶನ. ಖನಿಜ ತೈಲದಲ್ಲಿ, 90 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೆಳ್ಳನೆಯ ಗಾಜಿನ ಕೊಳವೆಯೊಳಗೆ ಪಾಲಿಮರ್ ಬೆಳೆಯುತ್ತಿರುವಾಗಲೇ ಅದರ ಮೂಲಕ ಸಿಂಕ್ರೋಟ್ರಾನ್ ಯಂತ್ರದ ಪ್ರಬಲ ಕ್ಷ-ಕಿರಣವನ್ನು ಹಾಯಿಸಲಾಯಿತು. ಏನನ್ನೂ ಹೊರತೆಗೆಯದೆ, ಒಂದೇ ಪ್ರಯೋಗದಲ್ಲಿ ಗುಂಡುಗಳು ಎಳೆಗಳಾಗಿ, ಎಳೆಗಳು ಟೊಳ್ಳು ಗೋಳಗಳಾಗಿ ಮಾರ್ಪಡುವುದು ದಾಖಲಾಯಿತು. ಬ್ಯಾಂಕುಗಳ ಕನ್‌ಕರೆಂಟ್ ಆಡಿಟ್ ಬಲ್ಲವರಿಗೆ ಇದರ ಪ್ರಯೋಜನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇಲ್ಲೊಂದು ತೊಡಕಿದೆ. ಕಿರಣದಡಿಯ ಕೊಳವೆಯಲ್ಲಿ ಕ್ರಿಯೆಯು ಪ್ರಯೋಗಾಲಯದ ಫ್ಲಾಸ್ಕಿನಲ್ಲಿ ನಡೆಯುವುದಕ್ಕಿಂತ ವೇಗವಾಗಿ ಸಾಗಿತು. ಸರಪಳಿ ಬೆಳೆಸುವ ಫ್ರೀ ರ‍್ಯಾಡಿಕಲ್‌ಗಳನ್ನು ಪ್ರಬಲ ಕಿರಣವೇ ಹೆಚ್ಚುವರಿಯಾಗಿ ಹುಟ್ಟಿಸಿದ್ದು ಇದಕ್ಕೆ ಕಾರಣವೆಂದು ವಿಜ್ಞಾನಿಗಳು ವಿವರಿಸಿದರು. ಪರಿಶೋಧಕ ಬಂದು ಕುಳಿತೊಡನೆ ಗುಮಾಸ್ತರ ಕೆಲಸ ಚುರುಕಾಗುವಂತೆ! ಆದ್ದರಿಂದ ಯಾವ ಹಂತದ ನಂತರ ಯಾವ ಹಂತ ಎಂಬುದನ್ನು ಈ ದಾಖಲೆಯಿಂದ ನಂಬಬಹುದು. ಎಷ್ಟು ನಿಮಿಷಕ್ಕೆ ಎಂಬುದನ್ನು ಹಾಗೆಯೇ ಕಾರ್ಖಾನೆಯ ಪಾತ್ರೆಗೆ ಅನ್ವಯಿಸುವುದು ತಪ್ಪಾಗುತ್ತದೆ. ಕಲಕದ ಕೊಳವೆಗೂ ಕಲಕುವ ರಿಯಾಕ್ಟರಿಗೂ ವ್ಯತ್ಯಾಸವಿರುವುದರಿಂದ, ಮುಂದೆ ಕಲಕಲು ಅವಕಾಶವಿರುವ ಪುಟ್ಟ ಪಾತ್ರೆಗಳನ್ನು ಕಿರಣದ ಮುಂದಿಡುವ ಪ್ರಯೋಗಗಳೂ ನಡೆದವು.

ನಮ್ಮ ದೇಶದಲ್ಲಿ ಇಂದೋರಿನ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರದಲ್ಲಿ (ತುಮಕೂರಿನಲ್ಲಿ ಜನಿಸಿದ ವಿಜ್ಞಾನಿಯ ಹೆಸರಿದು) 172.5 ಮೀಟರ್ ಸುತ್ತಳತೆಯ ಇಂಡಸ್-2 ಸಿಂಕ್ರೋಟ್ರಾನ್ ಇದೆ. ಸಣ್ಣ ಕೋನದ ಚದುರುವಿಕೆಯ ಅಧ್ಯಯನಕ್ಕೆ ಅಲ್ಲಿ ಪ್ರತ್ಯೇಕ ಕಿರಣಮಾರ್ಗವಿದೆ. ಸಣ್ಣ ಘಟಕವೊಂದು ಪ್ರತಿ ಬ್ಯಾಚನ್ನೂ ಅಲ್ಲಿಗೆ ಒಯ್ಯುವ ಮಾತು ದೂರವೇ ಉಳಿಯಲಿ. ಅದರ ಅಗತ್ಯವೂ ಇಲ್ಲ. ಸಾಮಾನ್ಯ ಕ್ಷ-ಕಿರಣ ನಳಿಕೆಯಿಂದ ನಡೆಯುವ ಮೇಜಿನ ಮೇಲಿನ ಉಪಕರಣಗಳೂ ಇವೆ. ಅವು ನಿಧಾನ, ಆದರೆ ಸಿದ್ಧಗೊಂಡ ಮಾಲಿನ ಕಣಗಳ ಆಕಾರ ತಿಳಿಯಲು ಸಾಕು. ಒಳ್ಳೆಯ ಬ್ಯಾಚಿನದೊಂದು, ಕೆಟ್ಟ ಬ್ಯಾಚಿನದೊಂದು ಮಾದರಿಯನ್ನು, ಕ್ರಿಯೆ ನಿಲ್ಲಿಸಿದ ಸಮಯ ಹಾಗೂ ಉಳಿದ ಮಾನೋಮರ್ ಪ್ರಮಾಣದ ದಾಖಲೆಯೊಡನೆ ಪರೀಕ್ಷೆಗೆ ಕಳುಹಿಸಿದರೆ, ನಷ್ಟಕ್ಕೆ ಕಾರಣ ಕಣಗಳ ಆಕಾರವೋ ಬೇರೆಯೋ ಎಂಬುದಾದರೂ ಇತ್ಯರ್ಥವಾಗುತ್ತದೆ. ಆ ಎರಡು ಅಂಕಿಗಳನ್ನು ಬ್ಯಾಚ್ ಪುಸ್ತಕದಲ್ಲಿ ಬರೆದಿಡುವ ಘಟಕಗಳು ಮಾತ್ರ ಇಂದಿಗೂ ವಿರಳ.